ಬಂದ ಕಾರಣ

ಮೊಟ್ಟಿ ಲೆಕ್ಕದ ಪುಸ್ತಕದ ಕಡೇ ಹಾಳಿ.
ಸಾಲಿ ಸೂಟಿ ಬಿಟ್ಟು ಎರಡು ದಿನ ಆತು,
ಹಂಡೇವು ಬೋರಲು ಮಲಗ್ಯಾವ.
ನಾನು ಹೇಳತೀನಿ, ಹಜರತ್‌ಬಿ ಬರೀತಾಳ.
ಎಂಟನೇತ್ತ ಪಾಸಾದಾಕಿ, ಅದಕ್ಕ
ತನಗ ಬ್ಯಾಡನಿಸಿದ್ದು ಬರಿಯಾಂಗಿಲ್ಲ.

ಬಳ್ಳಾರಿಗೆ ಹೋಗಾಮು. ಎರಡು ದಿನ, ಒಂದು ರಾತ್ರಿ.
ಕೋಳೂರಿಂದ ಬಸ್ಸಿಗೆ ಒಂದು ತಾಸೂ ಹಿಡಿಯಾಂಗಿಲ್ಲ,
ಆದ್ರ ಹೋದಾಗೆಲ್ಲ ಓಡಿಕೋಂತನ ಹೋಗೀವಿ:
ವಿಮ್ಸಿನಾಗ ಚೀಟಿ ಮಾಡಿಸಾಕ ಬೆಳಿಗ್ಗೆ ಏಳಕ್ಕ,
ನಮ್ಮ ಅತ್ತಿ ಎದಿನೋವಿಗೆ, ಅಕಿ ಗಂಡನ ಕಾಲಿಗೆ;
ಹೋದ ವರ್ಷ ಡಿಸಿ ಆಫೀಸಿನ ಮುಂದ ಧರಣಿಗೆ,
ಗೌರವಧನ ಕೊಡ್ರಿ ಅಂತ ಕೂಗಿ ಕೂಗಿ
ಗೌರವ ಅನ್ನೋ ಮಾತು ಬಾಯಾಗ ಒಣಗಿ
ನೀರಿನ ಪಾಕೀಟು ಹಲ್ಲಿಲೆ ಹರದು ಕುಡದು
ನಾಕರ ಬಸ್ಸಿಗೆ ತಿರುಗಿ ಬಂದಿದ್ವಿ.
ಊರು ಹೆಂಗೈತಿ ಅಂತ ಯಾರರ ಕೇಳಿದ್ರ
ಬಸ್‌ಸ್ಟ್ಯಾಂಡ್ ಹೇಳತಿದ್ವಿ, ಅಷ್ಟ.

ಈ ಸಲ ಕೆಲಸ ಇಲ್ಲ. ದೊಡ್ಡದಾಗಿ ಬರಿ ಅಂದೆ.
ಬರದ್ಲು. ಕೆಳಗ ಗೆರಿ ಎಳದ್ಲು, ಸ್ಕೇಲ್ ಇಟ್ಟು.

ಬಳ್ಳಾರಿಗೆ ಹೊಂಟೇವಿ ಅಂದ್ರ ಓಣ್ಯಾಗ
"ಯಾರಿಗೆ ಆರಾಮಿಲ್ಲ?" ಅಂತಾರ.
ಆರಾಮ ಐತಿ, ಅದಕ್ಕ ಹೊಂಟೇವಿ ಅಂದ್ರ ನಂಬಾಂಗಿಲ್ಲ.

ಕೋಟಿ ಗುಡ್ಡ ಹತ್ತೂದು ಬ್ಯಾಡ.
ಏಪ್ರಿಲ್ಲಿನಾಗ ಅದು ಗುಡ್ಡ ಅಲ್ಲ, ಹೆಂಚು;
ನೆಳ್ಳಾಗ ನಿಂತು ತಲಿ ಎತ್ತಿ ನೋಡಿದ್ರ
ಅದೂ ನೋಡಿದಂಗ ಆಗಾಂಗಿಲ್ಲೇನು?
ಬೆಳಿಗ್ಗೆ ಮಂಡಾಳು ಒಗ್ಗರಣಿ, ಮಿರ್ಚಿ. ಕುಂತು ತಿನ್ನೂದು.
ಎಣ್ಣಿ ಎಷ್ಟು ಹಾಕ್ಯಾನ, ಉಪ್ಪು ಯಾಕ ಮುಂದಾತು,
ಕೇಳಿದಾಕಿ ಹತ್ತು ರೂಪಾಯಿ ದಂಡ ಕೊಡಬೇಕು.

ಹನ್ನೊಂದರಿಂದ ಐದು ಲಾಡ್ಜು.
ಕೂಲರಿನ ಅತ್ತಾಗ ಒಬ್ಬಾಕಿ, ಇತ್ತಾಗ ಒಬ್ಬಾಕಿ,
ಇನ್ನೂರಾ ಹತ್ತು ತಾಟಿನ ಅನ್ನ ಬಸಿಯೋ ಹೊತ್ತಿನ್ಯಾಗ
ಕಾಲು ಚಾಚಿ ಸೂರು ನೋಡೂದು.
ಹೊರಗ ರಾಯಲ್ ಸರ್ಕಲ್ಲಿನ ಹಾರನ್ನು
ತಮ್ಮಷ್ಟಕ್ಕ ತಾವು ಬಡಕೊಳ್ಳಲಿ.
ನಿದ್ದಿ ಬರದಿದ್ರ? ಅಂದ್ಲು.
ಹನ್ನೊಂದು ವರ್ಷದ್ದು ಬಾಕಿ ಐತಿ, ಬರತೈತಿ ಅಂದೆ.

ಕೌಲ್ ಬಜಾರಿನ ಅಕಿ ಖಾಲಾಗೆ ಸುದ್ದಿ ಹತ್ತಬಾರದು.
ಹತ್ತಿದ್ರ ಎರಡೂ ದಿನ ಖಾಲಾನ ಅಡಿಗಿಮನ್ಯಾಗ
ಉಳ್ಳಾಗಡ್ಡಿ ಹೆಚ್ಚಿಕೋಂತ ಕುಂದ್ರಬೇಕು.
ಬುರ್ಕಾದಾಗ ಹಜರತ್‌ಬಿ ಪಾರಾದಾಳು,
ನನ್ನ ದನಿ ಮೂರು ಓಣಿ ದಾಟತೈತಿ.
ಅದಕ್ಕ ಬ್ರೂಸ್‌ಪೇಟ್ಯಾಗ ನಾನು ಬಾಯಿ ಬಿಡಾಂಗಿಲ್ಲ,
ಬಳಿ ಅಂಗಡ್ಯಾಗ ರೇಟು ಅಕೀನ ಕೇಳಬೇಕು,
ಕೇಳಿ, ಮಾರಿ ಸೊಟ್ಟ ಮಾಡಿ, ಮುಂದ ನಡಿಯೂದು.

ಸಂಜಿಗೆ ಸ್ಟೇಷನ್ನು. ಎಲ್ಲಿಗೂ ಹೋಗಾಕಲ್ಲ.
ಪ್ಲಾಟ್‌ಫಾರಂ ಟಿಕೇಟು, ಫ್ಯಾನಿನ ಕೆಳಗಿನ ಬೆಂಚು,
ಅದಿರಿನ ಗೂಡ್ಸು ಬಂದ್ರ ಡಬ್ಬಿ ಎಣಿಸೂದು.
ಎಣಿಕಿ ತಪ್ಪಿದ್ರ ತಪ್ಪಲಿ,
ಹೆಡ್‌ಮಾಸ್ತರು ಸಹಿ ಕೇಳಾಂಗಿಲ್ಲ.

ವಿಮ್ಸಿನ ಗೇಟಿನ ಎದುರು ಒಂದು ಬೇವಿನ ಗಿಡ,
ಬುಡಕ್ಕ ಸುಗಂಧಿ ಮಾರೋನ ಗಾಡಿ.
ಅಲ್ಲಿ ಹತ್ತು ನಿಮಿಷ, ಅಂದೆ.
ಹಜರತ್‌ಬಿ ಪೆನ್ನು ಎತ್ತಿ ನನ್ನ ನೋಡಿದ್ಲು.
ಅತ್ತಿ ಹೋದ ದಿನ ರಕ್ತದ ಚೀಟಿ ಹಿಡಕೊಂಡು
ಆ ಗಾಡಿ ಹಾಯ್ದು ಓಡಿದ್ದೆ.
ಯಾವನೋ ಒಬ್ಬ ಕಣ್ಣು ಮುಚ್ಚಿ, ಗುಟುಕು ಗುಟುಕು,
ಬಿಸಿಲಿಗೂ ತನಗೂ ಸಂಬಂಧ ಇಲ್ಲದಂಗ ಕುಡಿತಿದ್ದ.
ಅವನ ಮ್ಯಾಲೆ ಬಂದಷ್ಟು ಸಿಟ್ಟು
ನನಗ ಡಾಕ್ಟರ ಮ್ಯಾಲೂ ಬಂದಿರಲಿಲ್ಲ.
ಅಕಿ ಏನೂ ಕೇಳಲಿಲ್ಲ. ಬರದ್ಲು:
ಸುಗಂಧಿ, ಎರಡು.

ಲಾಡ್ಜಿನ ಪುಸ್ತಕದಾಗ ಹೆಸರು, ಊರು, ಆಧಾರ್ ನಂಬರು,
ಆಮ್ಯಾಲೆ "ಬಂದ ಕಾರಣ" ಅಂತ ಒಂದು ಖಾನೆ ಇರತೈತಂತ.
ದವಾಖಾನಿ ಅಂತ ಬರದ್ರ ಎರಡನೇ ಮಾತಿಲ್ಲ ಅಂದ್ಲು.
ಸುಳ್ಳು ಬ್ಯಾಡ, ಖಾಲಿ ಬಿಡು ಅಂದೆ.
ಖಾಲಿ ಬಿಟ್ರ ಬಿಲ್ಲು ಪಾಸಾಗಾಂಗಿಲ್ಲ ಸುಂಕಮ್ಮ, ಅಂದಾಕಿ
ಅರ್ಧ ತಾಸು ಆತು,
ಪೆನ್ನಿನ ಕ್ಯಾಪು ಕಡಕೋಂತ ಕುಂತಾಳ.